ಕಾರು ಡಿಟೇಲಿಂಗ್‌ಗೆ ಬಿಡೋ ಮುಂಚೆ ಇದನ್ನೊಮ್ಮೆ ಓದಿ: ನಂಬಿಕಸ್ಥ ಅಂಗಡಿ ಗುರುತಿಸೋದು ಹೇಗೆ?

ಬಳ್ಳಾರಿ: ಸಂಡೂರು, ತೋರಣಗಲ್ಲು, ಹೊಸಪೇಟೆ ರೋಡಿನಲ್ಲಿ ಓಡಾಡುವ ಕಾರು ಯಾವ ಬಣ್ಣದ್ದೇ ಇರಲಿ, ವಾರದೊಳಗೆ ಅದಿರಿನ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೆ ಒಣ ಬಟ್ಟೆಯಲ್ಲಿ ಎರಡು ಸಲ ಒರೆಸಿ ಹೊರಡುವುದು ಬಹಳ ಜನರ ರೂಢಿ. ಎರಡು ವರ್ಷ ಕಳೆಯೋಷ್ಟರಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ಮೇಲೆ ಜೇಡರ ಬಲೆಯಂಥ ಗೀರು ಕಾಣುತ್ತವೆ. ಆಗ ಡಿಟೇಲಿಂಗ್ ಅಂಗಡಿ ನೆನಪಾಗುತ್ತದೆ.

ಈಗ ವಾಟರ್ ಸರ್ವಿಸ್ ಮಾಡುತ್ತಿದ್ದ ಜಾಗದಲ್ಲೂ 'ಡಿಟೇಲಿಂಗ್ ಸ್ಟುಡಿಯೊ' ಅನ್ನೋ ಬೋರ್ಡ್ ಬರುತ್ತಿದೆ. ಕೆಲವರು ಕೆಲಸ ಕಲಿತು ಮಾಡುವವರು. ಕೆಲವರು ಮಶಿನ್ ತಂದ ಮಾರನೇ ದಿನವೇ ಗಿರಾಕಿಯ ಗಾಡಿ ಮೇಲೆ ಕೈ ಪಳಗಿಸಿಕೊಳ್ಳುವವರು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರ. ತಪ್ಪು ಕೈಗೆ ಸಿಕ್ಕರೆ ಹೋಗೋದು ಬರೀ ದುಡ್ಡಲ್ಲ, ಗಾಡಿಯ ಕಂಪನಿ ಪೇಂಟೇ ಹೋಗುತ್ತದೆ. ಸಾಲ ಮಾಡಿ ಕಾರು ತಗೊಂಡವರು, ಟ್ಯಾಕ್ಸಿ ಓಡಿಸುವವರು, ನಾಳೆ ಗಾಡಿ ಮಾರುವ ಯೋಚನೆಯಲ್ಲಿ ಇರುವವರು ಇದನ್ನು ತಿಳಿದುಕೊಂಡಿದ್ದರೆ ಒಳ್ಳೆಯದು.

ವಾಟರ್ ಸರ್ವಿಸ್ ಬೇರೆ, ಡಿಟೇಲಿಂಗ್ ಬೇರೆ

ವಾಟರ್ ಸರ್ವಿಸ್ ಅಂದರೆ ಪ್ರೆಶರ್ ನೀರು, ಶಾಂಪೂ ನೊರೆ, ಒಳಗೆ ವ್ಯಾಕ್ಯೂಮ್. ಅರ್ಧ-ಮುಕ್ಕಾಲು ಗಂಟೆಯ ಕೆಲಸ.

ಡಿಟೇಲಿಂಗ್‌ನಲ್ಲಿ ಇದರ ಮೇಲೆ ಮೂರು ಹಂತ ಬರುತ್ತವೆ. ಮೊದಲನೆಯದು, ತೊಳೆದರೂ ಹೋಗದೆ ಪೇಂಟಿಗೆ ಕಚ್ಚಿಕೊಂಡ ಡಾಂಬರು, ಅಂಟು, ಲೋಹದ ಪುಡಿ ತೆಗೆಯುವುದು. ಇದಕ್ಕೆ ಕ್ಲೇ ಬಾರ್ ಅನ್ನೋ ಜೇಡಿಮಣ್ಣಿನಂಥ ಉಂಡೆ ಬಳಸುತ್ತಾರೆ. ಎರಡನೆಯದು, ಮಶಿನ್ ಪಾಲಿಶ್ ಹಾಕಿ ಗೀರು ಕಮ್ಮಿ ಮಾಡುವುದು. ನಮ್ಮ ಕಡೆ ಇದಕ್ಕೆ ರಬ್ಬಿಂಗ್ ಅಂತಾರೆ. ಮೂರನೆಯದು, ಮೇಲೆ ರಕ್ಷಣೆಗೆ ವ್ಯಾಕ್ಸ್, ಸೀಲಂಟ್ ಅಥವಾ ಸೆರಾಮಿಕ್ ಕೋಟಿಂಗ್ ಹಾಕುವುದು.

ಮೊದಲನೇ ಮತ್ತು ಮೂರನೇ ಹಂತದಲ್ಲಿ ತಪ್ಪಾದರೆ ಸಾಮಾನ್ಯವಾಗಿ ಸರಿ ಮಾಡಬಹುದು. ಎರಡನೇ ಹಂತದಲ್ಲಿ ಹಾಗಲ್ಲ.

ಒಮ್ಮೆ ಹೋದರೆ ಮತ್ತೆ ಬಾರದ ಪದರ

ಈಗಿನ ಕಾರುಗಳ ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಗಾಜಿನ ಹಾಗೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ನಮ್ಮ ಕಣ್ಣಿಗೆ ಕಾಣುವ ಹೊಳಪು ಈ ಕ್ಲಿಯರ್ ಕೋಟಿನದು. ಬಿಸಿಲಿನಿಂದ ಬಣ್ಣ ಕಾಪಾಡುವುದೂ ಅದೇ. ಅದರ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್ ಆಸುಪಾಸು. ಅಂದರೆ ತಲೆಗೂದಲಿಗಿಂತ ತೆಳು.

ರಬ್ಬಿಂಗ್ ಮಾಡಿದಾಗ ಗೀರು ತುಂಬಿಕೊಳ್ಳುವುದಿಲ್ಲ. ಗೀರಿನ ಆಳಕ್ಕೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸಿ ಮಟ್ಟ ಮಾಡುತ್ತಾರೆ, ಆಗ ಗೀರು ಕಾಣಲ್ಲ. ಹೀಗಾಗಿ ಪ್ರತಿ ರಬ್ಬಿಂಗ್‌ಗೂ ಪದರ ಸ್ವಲ್ಪ ಸವೆಯುತ್ತದೆ. ಅನುಭವಸ್ಥರು ಎಷ್ಟು ಬೇಕೋ ಅಷ್ಟೇ ಸವೆಸುತ್ತಾರೆ. ಅನುಭವ ಇಲ್ಲದವರು ಮಶಿನ್ ಒತ್ತಿ ಹಿಡಿದರೆ ಡೋರಿನ ಅಂಚು, ಬಾನೆಟ್ ಮಡಿಕೆಯಂಥ ಕಡೆ ಕ್ಲಿಯರ್ ಕೋಟ್ ಪೂರ್ತಿ ಹೋಗಿ ಬಣ್ಣವೇ ಮೇಲೆ ಬರುತ್ತದೆ. ಆಮೇಲೆ ಯಾವ ಪಾಲಿಶ್, ಯಾವ ಕೋಟಿಂಗ್ ಹಾಕಿದರೂ ಅದು ವಾಪಸ್ ಬರಲ್ಲ. ಆ ಪ್ಯಾನಲ್‌ಗೆ ಪೇಂಟ್ ಹೊಡೆಸಲೇಬೇಕು. ಗಾಡಿ ಮಾರೋವಾಗ ಪೇಂಟ್ ಹೊಡೆದ ಡೋರು ನೋಡಿದವರು 'ಆಕ್ಸಿಡೆಂಟ್ ಗಾಡಿನಾ?' ಅಂತಲೇ ಮೊದಲು ಕೇಳೋದು.

ಆದ್ದರಿಂದ ಅಂಗಡಿ ಒಳ್ಳೆಯದೋ ಕೆಟ್ಟದ್ದೋ ಅನ್ನೋದಕ್ಕೆ ಎಷ್ಟು ಹೊಳಪು ಬರಿಸ್ತಾರೆ ಅನ್ನೋದಷ್ಟೇ ಲೆಕ್ಕ ಅಲ್ಲ. ಪೇಂಟ್ ಎಷ್ಟು ಉಳಿಸ್ತಾರೆ ಅನ್ನೋದು ದೊಡ್ಡ ಲೆಕ್ಕ.

ನಮ್ಮ ಕಡೆಯ ಎರಡು ಕಾಟ: ಧೂಳು, ಉಪ್ಪು ನೀರು

ಅದಿರಿನ ಧೂಳಿನ ಕಣ ಗಟ್ಟಿ. ಅದರ ಮೇಲೆ ಬಟ್ಟೆ ಹಾಕಿ ಉಜ್ಜಿದರೆ ಉಪ್ಪು ಕಾಗದದಲ್ಲಿ ತಿಕ್ಕಿದ ಹಾಗೆ. ಗಾಡಿಗೆ ಕೈ ಹಾಕೋ ಮುಂಚೆ ಬರೀ ನೀರಿನಲ್ಲೇ ಆದಷ್ಟು ಧೂಳು ಇಳಿಸಬೇಕು. ಆಮೇಲೆ ನೊರೆ, ಕೊನೆಗೆ ಬಟ್ಟೆ. ಗಾಡಿ ಬಂದ ಕೂಡಲೇ ಒದ್ದೆ ಬಟ್ಟೆ ತಗೊಂಡು ಉಜ್ಜೋಕೆ ಶುರು ಮಾಡುವ ಅಂಗಡಿಯಿಂದ ವಾಪಸ್ ಬರೋದೇ ವಾಸಿ.

ಎರಡನೆಯದು ಬೋರ್ ನೀರು. ಉಪ್ಪು ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟರೆ ನೀರು ಆರಿ, ಅದರಲ್ಲಿದ್ದ ಸುಣ್ಣದ ಅಂಶ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಕಪ್ಪು ಗಾಡಿ ಮೇಲೆ ಇದು ಎದ್ದು ಕಾಣುತ್ತದೆ. ಏಪ್ರಿಲ್-ಮೇ ಬಿಸಿಲಿಗೆ ಬಾನೆಟ್ ಕಾದ ಹಂಚಿನ ಹಾಗಿರುವಾಗ ನೀರು ಬಿದ್ದ ನಿಮಿಷಕ್ಕೆ ಆರುತ್ತದೆ, ಶಾಂಪೂ ಕೂಡ ಅಲ್ಲೇ ಒಣಗಿ ಕಲೆ ಆಗುತ್ತದೆ. ಆ ಚುಕ್ಕೆ ತೆಗೆಯೋಕೆ ಮತ್ತೆ ರಬ್ಬಿಂಗ್ ಅಂತಾರೆ, ಮತ್ತೆ ಪದರ ಸವೆಯುತ್ತದೆ. ಹಾಗಾಗಿ ನೀರು ಯಾವುದು, ಫಿಲ್ಟರ್ ಇದೆಯಾ, ತೊಳೆಯೋದು ನೆರಳಲ್ಲಾ ಅಂತ ಕೇಳೋದು ಸಣ್ಣ ವಿಷಯ ಅಲ್ಲ.

ಅಂಗಡಿಗೆ ಹೋದಾಗ ಹತ್ತು ನಿಮಿಷ ನಿಂತು ನೋಡಿ

ಮೊದಲ ದಿನವೇ ಗಾಡಿ ಬಿಡಬೇಡಿ. ಸುಮ್ಮನೆ ಹೋಗಿ ಬೇರೆಯವರ ಗಾಡಿ ಮೇಲೆ ಹೇಗೆ ಕೆಲಸ ಮಾಡ್ತಿದ್ದಾರೆ ಅಂತ ನೋಡಿ.

- ಬಕೆಟ್ ಎಷ್ಟು? ಶಾಂಪೂಗೆ ಒಂದು, ಕೊಳೆ ಬಟ್ಟೆ ಅದ್ದಿ ತೊಳೆಯೋಕೆ ಇನ್ನೊಂದು ಇರಬೇಕು. ಒಂದೇ ಬಕೆಟ್ಟಿನ ಕೆಂಪು ನೀರಿನಲ್ಲಿ ನಾಲ್ಕು ಗಾಡಿ ತೊಳೆದರೆ ನಾಲ್ಕನೆಯವನ ಗಾಡಿಗೆ ಬೀಳೋದು ಮೂವರ ಮಣ್ಣು.
- ಬಟ್ಟೆ ಯಾವುದು? ಮೈಕ್ರೋಫೈಬರ್ ಬಟ್ಟೆ ಬೇಕು. ಚಕ್ರಕ್ಕೆ, ಬಾಡಿಗೆ, ಒಳಗಡೆಗೆ ಬೇರೆ ಬೇರೆ. ಬನಿಯನ್ ವೇಸ್ಟ್ ಬಟ್ಟೆ ಪೇಂಟ್ ಮೇಲೆ ಆಡಿಸುತ್ತಿದ್ದರೆ ಅಲ್ಲಿಗೇ ಗೊತ್ತಾಗುತ್ತದೆ.
- ನೆಲಕ್ಕೆ ಬಿದ್ದ ಬಟ್ಟೆ ಏನು ಮಾಡ್ತಾರೆ? ಜಾಡಿಸಿ ಮತ್ತೆ ಅದೇ ಬಟ್ಟೆಯಲ್ಲಿ ಒರೆಸಿದರೆ, ಆ ಅಂಗಡಿಯ ಎಲ್ಲಾ ಕೆಲಸ ಹಾಗೇ ಅಂತ ತಿಳಿಯಿರಿ.
- ಪಾಲಿಶ್ ಮಾಡೋ ಜಾಗ ಎಂಥದ್ದು? ಮೇಲೆ ನೆರಳು, ಸುತ್ತ ಗೋಡೆ, ಒಳ್ಳೆ ಲೈಟು ಇರಬೇಕು. ರೋಡ್ ಬದಿ ಲಾರಿ ಧೂಳು ಬೀಳುವ ಕಡೆ ಪಾಲಿಶ್ ಮಾಡಿದರೆ ಪ್ಯಾಡಿಗೆ ಧೂಳು ಸಿಕ್ಕಿಕೊಂಡು ಹೊಸ ಗೀರು ಬೀಳುತ್ತವೆ.
- ಮುಗಿದ ಗಾಡಿ ನೋಡಿ. ಮೊಬೈಲ್ ಫೋಟೋ ಅಲ್ಲ, ಎದುರಿಗೆ ಬಿಸಿಲಲ್ಲಿ ನಿಂತ ಗಾಡಿ. ಆರು ತಿಂಗಳ ಹಿಂದೆ ಮಾಡಿಸಿದವರ ಗಾಡಿ ಸಿಕ್ಕರೆ ಇನ್ನೂ ಒಳ್ಳೆಯದು.

ಕಾಫಿ ಮಶಿನ್, ಏಸಿ ರೂಮು, ಗೋಡೆ ತುಂಬ ಬ್ರ್ಯಾಂಡ್ ಸ್ಟಿಕರ್ ಇದ್ದ ಮಾತ್ರಕ್ಕೆ ಕೆಲಸ ಚೆನ್ನಾಗಿದೆ ಅಂತಲ್ಲ. ಚಿಕ್ಕ ಶೆಡ್ಡಿನಲ್ಲಿ ಇಬ್ಬರೇ ಇದ್ದರೂ ಬಟ್ಟೆ, ಬಕೆಟ್ ಶುದ್ಧವಾಗಿ ಇಟ್ಟುಕೊಂಡವರು ಇರುತ್ತಾರೆ.

ಈ ಐದು ಪ್ರಶ್ನೆ ಕೇಳಿ

1. ನನ್ನ ಗಾಡಿಗೆ ರಬ್ಬಿಂಗ್ ಬೇಕಾ? ಗಾಡಿ ನೋಡದೇ ಫೋನಲ್ಲೇ 'ಬೇಕು ಅಣ್ಣ, ಪ್ಯಾಕೇಜ್ ಇದೆ' ಅಂದರೆ ಅನುಮಾನ ಪಡಿ. ಒಳ್ಳೆಯವರು ಗಾಡಿ ತೊಳೆದು, ಲೈಟ್ ಹಿಡಿದು ನೋಡಿ ಆಮೇಲೆ ಹೇಳ್ತಾರೆ. ಹೊಸ ಗಾಡಿಗೆ ಹೆಚ್ಚಾಗಿ ರಬ್ಬಿಂಗ್ ಬೇಕಾಗೋದೇ ಇಲ್ಲ, ಹಗುರ ಪಾಲಿಶ್ ಸಾಕು.

2. ಪೇಂಟ್ ದಪ್ಪ ಅಳೀತೀರಾ? ಇದಕ್ಕೆ ಕೈಯಲ್ಲಿ ಹಿಡಿಯುವ ಚಿಕ್ಕ ಮೀಟರ್ ಬರುತ್ತದೆ. ತಗಡಿನ ಮೇಲೆ ಇಟ್ಟರೆ ಪೇಂಟಿನ ಒಟ್ಟು ದಪ್ಪ ಮೈಕ್ರಾನ್‌ನಲ್ಲಿ ತೋರಿಸುತ್ತದೆ. ಕಂಪನಿ ಪೇಂಟ್ ಸಾಮಾನ್ಯವಾಗಿ ನೂರರ ಆಸುಪಾಸಿನಿಂದ ನೂರೈವತ್ತರವರೆಗೆ ಇರುತ್ತದೆ. ಒಂದು ಡೋರು ಮಾತ್ರ ಇನ್ನೂರು, ಮುನ್ನೂರು ತೋರಿಸಿದರೆ ಅದಕ್ಕೆ ಮತ್ತೆ ಪೇಂಟ್ ಹೊಡೆದಿರಬಹುದು. ಬೇರೆ ಕಡೆಗಿಂತ ತೀರಾ ಕಮ್ಮಿ ತೋರಿಸಿದರೆ ಅಲ್ಲಿ ಆಗಲೇ ಜಾಸ್ತಿ ಸವೆದಿದೆ, ಮಶಿನ್ ಇಡಬಾರದು. ಪ್ಲಾಸ್ಟಿಕ್ ಬಂಪರ್ ಮೇಲೆ ಮಾಮೂಲಿ ಮೀಟರ್ ಕೆಲಸ ಮಾಡಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರಿಗೂ ಈ ಅಳತೆ ಉಪಯೋಗ.

3. ಎಲ್ಲಾ ಗೀರು ಹೋಗ್ತಾವಾ? 'ಹಂಡ್ರೆಡ್ ಪರ್ಸೆಂಟ್ ಹೋಗುತ್ತೆ' ಅನ್ನೋರನ್ನ ನಂಬಬೇಡಿ. ಗೀರಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಅದು ಆಳದ್ದು, ಪಾಲಿಶ್‌ನಿಂದ ಪೂರ್ತಿ ಹೋಗಲ್ಲ. ಹಠಕ್ಕೆ ಬಿದ್ದು ತೆಗೆಯೋಕೆ ಹೋದರೆ ಕ್ಲಿಯರ್ ಕೋಟೇ ಹೋಗುತ್ತದೆ. 'ಇದು ಹೋಗಲ್ಲ ಸರ್, ಮಸುಕಾಗುತ್ತೆ ಅಷ್ಟೇ' ಅನ್ನುವವರ ಮಾತಿಗೆ ಬೆಲೆ ಕೊಡಿ.

4. ಮೊದಲು ಒಂದು ಕಡೆ ಮಾಡಿ ತೋರಿಸ್ತೀರಾ? ಬಾನೆಟ್ಟಿನ ಒಂದಡಿ ಜಾಗಕ್ಕೆ ಟೇಪ್ ಅಂಟಿಸಿ ಒಳಗೆ ಮಾತ್ರ ಪಾಲಿಶ್ ಮಾಡಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ. ಹಗುರವಾದ ಪ್ಯಾಡಿನಲ್ಲಿ ಆಗುವ ಕೆಲಸಕ್ಕೆ ಗಡಸು ಪ್ಯಾಡ್ ಬೇಡ ಅನ್ನೋದೂ ಅಲ್ಲೇ ತೀರ್ಮಾನ ಆಗುತ್ತದೆ.

5. ಎಷ್ಟು ದಿನ ಬೇಕು? ರಬ್ಬಿಂಗ್, ಪಾಲಿಶ್, ಸೆರಾಮಿಕ್ ಎಲ್ಲಾ ಸರಿಯಾಗಿ ಮಾಡೋಕೆ ಒಂದರಿಂದ ಮೂರು ದಿನ ಹಿಡಿಯುತ್ತದೆ. 'ಎರಡು ಗಂಟೇಲಿ ಕೊಡ್ತೀವಿ' ಅಂದರೆ ಯಾವುದೋ ಹಂತ ಬಿಟ್ಟಿದ್ದಾರೆ ಅಂತಲೇ ಅರ್ಥ.

'9ಎಚ್ ಸೆರಾಮಿಕ್, ಗೀರೇ ಬೀಳಲ್ಲ' ಅಂದರೆ?

ಹೆಚ್ಚು ದುಡ್ಡು ಹೋಗೋದೂ, ಹೆಚ್ಚು ಸುಳ್ಳು ಕೇಳೋದೂ ಇಲ್ಲೇ.

9ಎಚ್ ಅನ್ನೋದು ಪೆನ್ಸಿಲ್ ಗಡಸುತನದ ಅಳತೆ. ಶಾಲೆಯಲ್ಲಿ ಬಳಸುವ ಎಚ್‌ಬಿ, 2ಬಿ ಪೆನ್ಸಿಲ್ ಇದ್ದ ಹಾಗೆ ಅದೇ ಸಾಲಿನ ತುದಿಯಲ್ಲಿ 9ಎಚ್ ಪೆನ್ಸಿಲ್ ಇದೆ. ಆ ಪೆನ್ಸಿಲ್‌ನಿಂದ ಗೀಚಿದರೆ ಗುರುತು ಬೀಳಲ್ಲ ಅನ್ನೋದಷ್ಟೇ ಅದರ ಅರ್ಥ. ವಜ್ರಕ್ಕೆ 10 ಅಂತಾರಲ್ಲ, ಆ ಅಳತೆ ಬೇರೆ. ಪೆನ್ಸಿಲ್ ತಡೆದ ಕೋಟಿಂಗ್ ಅದಿರು ಧೂಳಿನ ಒಣ ಒರೆಸುವಿಕೆ ತಡೆಯುತ್ತದೆ ಅಂತೇನಿಲ್ಲ. ಲಾರಿ ಚಕ್ರದಿಂದ ಸಿಡಿದ ಜಲ್ಲಿಯನ್ನಂತೂ ತಡೆಯಲ್ಲ.

ಹಾಗಂತ ಸೆರಾಮಿಕ್ ಸುಳ್ಳಲ್ಲ. ಚೆನ್ನಾಗಿ ಹಾಕಿದ ಕೋಟಿಂಗ್ ಮೇಲೆ ನೀರು ನಿಲ್ಲದೆ ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಹಕ್ಕಿ ಹಿಕ್ಕೆ ತೊಳೆಯೋಕೆ ಸ್ವಲ್ಪ ಟೈಮ್ ಸಿಗುತ್ತದೆ, ಹೊಳಪು ಉಳಿಯುತ್ತದೆ. ಆದರೆ ಹಾಕಿಸಿದ ಮೇಲೂ ಸರಿಯಾಗಿ ತೊಳೆಯಲೇಬೇಕು. ಹಾಕಿದ ಮೊದಲ ದಿನ ನೀರು ತಾಗಿಸಬಾರದು, ವಾರದವರೆಗೆ ಶಾಂಪೂ ಹಾಕಬಾರದು ಅಂತ ಸಾಮಾನ್ಯವಾಗಿ ಹೇಳ್ತಾರೆ. ಇದನ್ನು ತಾನಾಗೇ ಹೇಳದೆ ಕೀ ಕೊಟ್ಟು ಕಳಿಸುವ ಅಂಗಡಿಗೆ ಆ ಕೆಲಸ ಗೊತ್ತಿಲ್ಲ ಅಂತಲೇ ಲೆಕ್ಕ.

ಕಲ್ಲೇಟಿನಿಂದ ಕಾಪಾಡೋದು ಪಿಪಿಎಫ್ ಅನ್ನೋ ದಪ್ಪ ಪಾರದರ್ಶಕ ಫಿಲ್ಮ್. ಅದರ ಖರ್ಚು ಸೆರಾಮಿಕ್‌ಗಿಂತ ಬಹಳ ಜಾಸ್ತಿ. ಅದಿರು ಲಾರಿಗಳ ಹಿಂದೆಯೇ ದಿನಾ ಓಡಾಡುವವರು ಇಡೀ ಗಾಡಿಗೆ ಬದಲು ಮುಂದಿನ ಬಂಪರ್, ಬಾನೆಟ್‌ಗೆ ಮಾತ್ರ ಹಾಕಿಸಬಹುದು. ಫಿಲ್ಮ್ ಕತ್ತರಿಸೋಕೆ ಗಾಡಿ ಮೇಲೇ ಬ್ಲೇಡ್ ಆಡಿಸ್ತೀರಾ ಅಂತ ಕೇಳಿ. ಬ್ಲೇಡಿನ ಗೀರು ಫಿಲ್ಮ್ ತೆಗೆದ ಮೇಲೇ ಕಾಣೋದು.

ಇನ್ನೊಂದು ಆಟ ಇದೆ. ಕೆಲವು ಎಣ್ಣೆ ಅಂಶದ ಗ್ಲೇಜ್ ಗೀರಿನೊಳಗೆ ತುಂಬಿಕೊಂಡು ಎರಡು ವಾರ ಗಾಡಿ ಫಳಫಳ ಅನ್ನಿಸುತ್ತದೆ. ಮೂರು-ನಾಲ್ಕು ಸಲ ತೊಳೆದ ಮೇಲೆ ಎಲ್ಲಾ ಗೀರು ವಾಪಸ್. ಇದನ್ನು ಪತ್ತೆ ಮಾಡೋಕೆ ಸುಲಭ ದಾರಿ ಇದೆ. ಕೋಟಿಂಗ್ ಹಾಕೋ ಮುಂಚೆ ಪಾಲಿಶ್ ಎಣ್ಣೆಯನ್ನು ಆಲ್ಕೋಹಾಲ್ ಮಿಶ್ರಣದಿಂದ ಒರೆಸಿ ತೆಗೆಯಬೇಕು. ಆ ಹೊತ್ತಿಗೆ ಬಂದು ನೋಡ್ತೀನಿ ಅನ್ನಿ. ಒರೆಸಿದ ಮೇಲೂ ಗೀರು ಕಾಣದಿದ್ದರೆ ಕೆಲಸ ನಿಜವಾಗಿ ಆಗಿದೆ.

ಈಚೆಗೆ ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದ ಗಾಡಿಯಾದರೆ ಕೋಟಿಂಗ್‌ಗೆ ಅವಸರ ಬೇಡ. ಹೊಸ ಪೇಂಟ್ ಪೂರ್ತಿ ಒಣಗಿ ಗಟ್ಟಿಯಾಗಲು ವಾರಗಳೇ ಬೇಕು. ಪೇಂಟರ್‌ನ ಕೇಳಿ ಮುಂದುವರಿಯಿರಿ.

ಒಳಗಡೆ ಕ್ಲೀನಿಂಗ್‌ನಲ್ಲೂ ಎಚ್ಚರ

ಸೀಟು, ಕಾರ್ಪೆಟ್ ನೆನೆಸಿ ತೊಳೆದರೆ ಪೂರ್ತಿ ಒಣಗಿಸಿ ಕೊಡಬೇಕು. ಮೇಲೆ ಒಣಗಿ ಕೆಳಗೆ ಒದ್ದೆ ಉಳಿದರೆ ವಾರದಲ್ಲಿ ಮುಗ್ಗಲು ವಾಸನೆ. ಸೀಟ್ ಕೆಳಗೆ ವೈರಿಂಗ್ ಇರುತ್ತದೆ, ಕೆಲವು ಗಾಡಿಗಳಲ್ಲಿ ಸೈಡ್ ಏರ್‌ಬ್ಯಾಗ್ ಕನೆಕ್ಷನ್ ಕೂಡ ಅಲ್ಲೇ. ಅಲ್ಲಿ ನೀರು ಸುರಿಯುವ ಹಾಗಿಲ್ಲ.

ಡ್ಯಾಶ್‌ಬೋರ್ಡಿಗೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಪಾಲಿಶ್ ಬೇಡ ಅನ್ನಿ. ಬಿಸಿಲಿಗೆ ಅದು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ, ಧೂಳೂ ಅಂಟುತ್ತದೆ. ಸ್ಟೀರಿಂಗ್, ಪೆಡಲ್ ಮೇಲಂತೂ ಹಚ್ಚಲೇಬಾರದು, ಕೈಕಾಲು ಜಾರುತ್ತದೆ.

ಇಂಜಿನ್‌ಗೆ ಪ್ರೆಶರ್ ನೀರು ಹೊಡೆಸುವುದು ಬೇಡವೇ ಬೇಡ. ಫ್ಯೂಸ್ ಬಾಕ್ಸ್, ಆಲ್ಟರ್ನೇಟರ್, ಸೆನ್ಸರ್ ಕನೆಕ್ಷನ್‌ಗೆ ನೀರು ಹೋದರೆ ಗಾಡಿ ಅಲ್ಲೇ ನಿಲ್ಲಬಹುದು. ಬ್ರಷ್, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಳದಿ ಆದ ಹೆಡ್‌ಲೈಟ್ ಉಜ್ಜಿಸಿದರೆ ಬಿಸಿಲು ತಡೆಯುವ ಯುವಿ ಪದರ ಮತ್ತೆ ಹಾಕ್ತೀರಾ ಅಂತ ಕೇಳಿ. ಇಲ್ಲಾಂದ್ರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಜತೆಗೆ ಗ್ಲಾಸಿಗೆ ಕಪ್ಪು ಫಿಲ್ಮ್ ಹಾಕ್ತೀವಿ ಅಂದರೆ ನೆನಪಿರಲಿ: ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಬೇಕು. ದಂಡ ಬೀಳೋದು ಗಾಡಿಯವರಿಗೆ, ಅಂಗಡಿಯವರಿಗಲ್ಲ.

ಬಿಲ್ ಇಲ್ಲದೆ ಕೆಲಸ ಬೇಡ

'ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀವಿ' ಅನ್ನೋ ಮಾತು ವ್ಯಾಪಾರಸ್ಥರಿಗೆ ಹೊಸದಲ್ಲ. ಆದರೆ ಇಲ್ಲಿ ಬಿಲ್ ಇಲ್ಲದಿದ್ದರೆ ವಾರಂಟಿ ಅನ್ನೋದು ಬರೀ ಬಾಯಿ ಮಾತು. ಬಿಲ್‌ನಲ್ಲಿ ಗಾಡಿ ನಂಬರ್, ತಾರೀಖು, ಯಾವ ಯಾವ ಕೆಲಸ, ಯಾವ ಕಂಪನಿಯ ಕೋಟಿಂಗ್, ವಾರಂಟಿ ಎಷ್ಟು ವರ್ಷ, ಯಾವುದಕ್ಕೆ ವಾರಂಟಿ ಇಲ್ಲ, ಅನ್ನೋದು ಬರೆಸಿಕೊಳ್ಳಿ. ಕೋಟಿಂಗ್ ಬಾಟಲಿಯ ಸೀಲ್ ನಿಮ್ಮೆದುರೇ ಒಡೆಯಲಿ. ಖಾಲಿ ಬಾಟಲಿ, ಡಬ್ಬಿಯ ಫೋಟೋ ತೆಗೆದುಕೊಳ್ಳಿ.

ಐದು ವರ್ಷದ ವಾರಂಟಿ ಅಂದರೆ ಅದರೊಳಗೆ ವರ್ಷಕ್ಕೆ ಇಷ್ಟು ಸಲ ಅವರ ಹತ್ತಿರವೇ ದುಡ್ಡು ಕೊಟ್ಟು ಸರ್ವಿಸ್ ಮಾಡಿಸಬೇಕು ಅನ್ನೋ ಷರತ್ತು ಇರಬಹುದು. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಈ ಸೇವೆಗೆ ಜಿಎಸ್‌ಟಿ ಶೇ 18. ಆದರೆ ನೋಂದಣಿ ಇಲ್ಲದ ಅಂಗಡಿ ಜಿಎಸ್‌ಟಿ ಹೆಸರಲ್ಲಿ ದುಡ್ಡು ತಗೊಳ್ಳುವಂತಿಲ್ಲ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಸೇವಾ ಅಂಗಡಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ ಅಲ್ಲ. ಆದ್ದರಿಂದ ಜಿಎಸ್‌ಟಿ ನಂಬರ್ ಇಲ್ಲ ಅಂದ ಮಾತ್ರಕ್ಕೆ ಮೋಸ ಅಂತಲ್ಲ, ನಂಬರ್ ಇಲ್ಲದೆ ತೆರಿಗೆ ಸೇರಿಸಿದರೆ ಮಾತ್ರ ಮೋಸ. ನಂಬರ್ 15 ಅಕ್ಷರ-ಅಂಕಿಯದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿನದು ಅಂತ ತೋರಿಸುತ್ತದೆ.

ಗಾಡಿ ಬಿಡೋವಾಗ, ವಾಪಸ್ ತಗೊಳ್ಳೋವಾಗ

ಬಿಡೋವಾಗ ಗಾಡಿಯ ನಾಲ್ಕೂ ಕಡೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ಇದ್ದ ಗೀರು, ಸೊಟ್ಟ, ಕಿಲೋಮೀಟರ್ ರೀಡಿಂಗ್, ಪೆಟ್ರೋಲ್ ಮುಳ್ಳು ಎಲ್ಲಾ ಬರಲಿ. ಆರ್‌ಸಿ, ಅಂಗಡಿಯ ಬಿಲ್ ಬುಕ್, ಚೆಕ್, ದುಡ್ಡು ತೆಗೆದಿಟ್ಟುಕೊಳ್ಳಿ. ಪೂರ್ತಿ ಹಣ ಮುಂಗಡ ಕೊಡಬೇಡಿ.

ವಾಪಸ್ ತಗೊಳ್ಳೋದು ಹಗಲಲ್ಲೇ ಇರಲಿ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಎಲ್ಲಾ ಗಾಡಿಯೂ ಚೆಂದ. ಬಿಸಿಲಿಗೆ ತಂದು ಓರೆಯಿಂದ ನೋಡಿದಾಗ ಮಶಿನ್ ಓಡಿದ ದಾರಿ ಅಲೆಅಲೆಯಾಗಿ ಕಂಡರೆ ಪಾಲಿಶ್ ಸರಿಯಾಗಿಲ್ಲ, ಮತ್ತೆ ಹಗುರ ಪಾಲಿಶ್ ಹಾಕಿಸಿ. ಡೋರಿನ ಅಂಚು, ಬಾನೆಟ್ ಮಡಿಕೆಯಲ್ಲಿ ಬಣ್ಣ ಮಂಕಾಗಿದೆಯಾ ನೋಡಿ. ಪ್ಲಾಸ್ಟಿಕ್ ಪಟ್ಟಿ ಮೇಲೆ ಬಿಳಿ ಪಾಲಿಶ್ ಉಳಿದಿದ್ದರೆ ಟೇಪ್ ಹಾಕದೇ ಕೆಲಸ ಮಾಡಿದ್ದಾರೆ ಅಂತ. ಪವರ್ ವಿಂಡೋ, ಹಾರ್ನ್, ಲೈಟ್, ಏಸಿ ಎಲ್ಲಾ ಒಮ್ಮೆ ಹಾಕಿ ನೋಡಿ, ಆಮೇಲೆ ಬಾಕಿ ಕೊಡಿ.

ತಕರಾರು ಆದರೆ ಎಲ್ಲಿಗೆ ಹೋಗಬೇಕು?

ಮೊದಲು ಅಂಗಡಿಯವರಿಗೇ ಫೋಟೋ ಸಮೇತ ಬರವಣಿಗೆಯಲ್ಲಿ ತಿಳಿಸಿ, ವಾಟ್ಸ್‌ಆ್ಯಪ್ ಆದರೂ ಸರಿ. ಮಾತಲ್ಲಿ ಮುಗಿಯುವ ವಿಷಯ ಹೆಚ್ಚಿನವು ಇಲ್ಲೇ ಮುಗಿಯುತ್ತವೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಬೆಂಗಳೂರಿನಲ್ಲಿ ಕೋಟಿಂಗ್ ಹಾಕಿಸಿ ಮೋಸ ಹೋದ ಸಂಡೂರಿನವರು ಬಳ್ಳಾರಿಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರನ್ನು ಇಡಲೇಬೇಕು ಅಂತಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಸ್ವಂತ ಜೀವನೋಪಾಯಕ್ಕೆ ಟ್ಯಾಕ್ಸಿ ಓಡಿಸುವವರೂ ಗ್ರಾಹಕರೇ. ಬಿಲ್, ಮೊದಲು ತೆಗೆದ ವಿಡಿಯೊ ಇದ್ದವರ ದೂರಿಗೆ ಬಲ ಬರುತ್ತದೆ.

ಎಲ್ಲಾ ಗಾಡಿಗೂ ಬೇಕಾ?

ಬೇಡ. ದಿನಾ ಗಣಿ ರಸ್ತೆಯಲ್ಲಿ ಓಡಿ, ಬಯಲಲ್ಲೇ ನಿಲ್ಲುವ ಐದಾರು ವರ್ಷದ ಗಾಡಿಗೆ ಸಾವಿರಾರು ರೂಪಾಯಿ ಕೊಟ್ಟು ಕೋಟಿಂಗ್ ಹಾಕಿಸೋ ಬದಲು ಒಂದು ಒಳ್ಳೆ ಕವರ್, ಎರಡು ಮೈಕ್ರೋಫೈಬರ್ ಬಟ್ಟೆ, ಕಾರ್ ಶಾಂಪೂ, ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಸಾಕಾಗುತ್ತದೆ. ಕವರ್ ಹಾಕೋದೂ ಗಾಡಿ ಮೇಲಿನ ಧೂಳು ತೊಳೆದ ಮೇಲೇ. ಪಾತ್ರೆ ಸೋಪು, ಬಟ್ಟೆ ಸೋಪಿನ ಪುಡಿಯಲ್ಲಿ ತೊಳೆಯಬೇಡಿ, ಹಾಕಿದ ವ್ಯಾಕ್ಸ್ ಹೋಗುತ್ತದೆ. ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸುವ ರೂಢಿ ಇವತ್ತೇ ಬಿಡಿ. ಟೈಮ್ ಇಲ್ಲದಿದ್ದರೆ ಗಾಜು ಮಾತ್ರ ನೀರು ಹಾಕಿ ಒರೆಸಿ, ಬಾಡಿ ಮೇಲಿನ ಧೂಳು ಸಂಜೆಯವರೆಗೆ ಹಾಗೇ ಇರಲಿ.

ಇಷ್ಟು ಮಾಡಿದ ಮೇಲೂ ಡಿಟೇಲಿಂಗ್ ಬೇಕು ಅನ್ನಿಸಿದರೆ ಎರಡು-ಮೂರು ಅಂಗಡಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: 'ನನ್ನ ಗಾಡಿಗೆ ಏನೇನು ಬೇಡ?' ಎಲ್ಲವೂ ಬೇಕು ಅನ್ನುವವರನ್ನು ಬಿಟ್ಟು, 'ಇದೊಂದು ಸಾಕು ಅಣ್ಣ, ಉಳಿದದ್ದು ದಂಡ' ಅಂದವರ ಹತ್ತಿರ ಕೀ ಕೊಡಿ.